ಹಿಮ್ ಕಮಿಂಗೋ, ಹಿಸ್ ಕಮಿಂಗೋ?

ಬ್ಯಾಂಕಿನ ಪರೀಕ್ಷೆಗೂ ಕೇಂದ್ರ ಸರ್ಕಾರದ ನೌಕರಿಗೆ ನಡೆಯುವ ಎಸ್‌ಎಸ್‌ಸಿಗೂ ಕೂತವರಿಗೆ ಈ ನಮೂನೆಯ ಪ್ರಶ್ನೆ ಚೆನ್ನಾಗಿ ಗೊತ್ತು. ಒಂದು ಇಂಗ್ಲಿಷ್ ವಾಕ್ಯವನ್ನು ಮೂರು ತುಂಡು ಮಾಡಿ, ಕೊನೆಗೆ ‘ನೋ ಎರರ್’ ಅಂತ ಒಂದು ಸೇರಿಸಿ, ತಪ್ಪು ಯಾವ ತುಂಡಿನಲ್ಲಿದೆ ಹೇಳು ಅನ್ನುತ್ತಾರೆ. ‘ಐ ಡೋಂಟ್ ಲೈಕ್’ ಒಂದು ತುಂಡು, ‘ಹಿಮ್ ಕಮಿಂಗ್ ಲೇಟ್’ ಇನ್ನೊಂದು, ‘ಟು ದಿ ಕ್ಲಾಸ್’ ಮತ್ತೊಂದು. ಉತ್ತರ ಎರಡನೇ ತುಂಡು. ‘ಹಿಮ್’ ಅಲ್ಲ, ‘ಹಿಸ್’ ಆಗಬೇಕು. ಯಾಕೆ ಎಂದರೆ, ‘ಇಂಗ್’ ಹಚ್ಚಿದ ಕ್ರಿಯಾಪದ ನಾಮಪದದಂತೆ ಕೆಲಸ ಮಾಡುವಾಗ ಅದರ ಹಿಂದೆ ಷಷ್ಠೀ ವಿಭಕ್ತಿ ಬರಬೇಕು ಅಂತ ರೆನ್ ಅಂಡ್ ಮಾರ್ಟಿನ್ ವ್ಯಾಕರಣದಲ್ಲಿದೆ. ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಆ ಪುಸ್ತಕದ ಮಾತಿಗೆ ಮೇಲ್ಮನವಿ ಇಲ್ಲ.

ಧಾರವಾಡದ ಈ ಸಪ್ತಾಪುರದ ಒಂದು ಕ್ಲಾಸಿನಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳುತ್ತೇನೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದು ರೂಮು ಹಿಡಿದವರು, ಖಾನಾವಳಿ ರೊಟ್ಟಿಯ ಮೇಲೆ ವರ್ಷಗಟ್ಟಲೆ ಓದುವವರು. ಬಹಳ ಮಂದಿ ಕನ್ನಡ ಮಾಧ್ಯಮದವರು. ಸೂತ್ರ ಕೊಟ್ಟರೆ ಬರೆದುಕೊಳ್ಳುತ್ತಾರೆ, ಕಾರಣ ಕೇಳುವುದು ಕಡಿಮೆ. ತಪ್ಪಾದರೆ ಕಾಲು ಅಂಕ ಕಳೆಯುವ ಪರೀಕ್ಷೆಗೆ ಕಾರಣ ಕಟ್ಟಿಕೊಂಡು ಏನು ಮಾಡಬೇಕು, ಅದೂ ನ್ಯಾಯವೇ. ಆದರೆ ರೋಣದ ಕಡೆಯ ಹುಡುಗಿಯೊಬ್ಬಳು ಈ ಸೂತ್ರ ಬೋರ್ಡಿನ ಮೇಲೆ ಇರುವಾಗಲೇ ಎದ್ದು ನಿಂತು ಕೇಳಿದಳು:

“ಸರ್ರ, ಹಿಮ್ ಅಂದ್ರ ಅವನ್ನ. ಹಿಸ್ ಅಂದ್ರ ಅವನ. ನಾವು ಕನ್ನಡದಾಗ ಎರಡೂ ಅನ್ನಂಗಿಲ್ಲಲ್ರೀ. ‘ಅವ ತಡಾ ಮಾಡಿ ಬರೂದು ನನಗ ಸೇರಂಗಿಲ್ಲ’ ಅಂತೀವಿ. ಅವ ಅಂದ್ರ ಹೀ ಆತು. ಹಂಗಾರ ‘ಹೀ ಕಮಿಂಗ್’ ಯಾಕ ಆಗಂಗಿಲ್ರಿ?”

ಹಿಂದಿನ ಬೆಂಚಿನವರು ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ‘ಹಿಮ್’ ಸರಿಯೋ ‘ಹಿಸ್’ ಸರಿಯೋ ಅಂತ ಇಂಗ್ಲಿಷಿನ ಪಂಡಿತರು ದಶಕಗಟ್ಟಲೆ ಗುದ್ದಾಡಿದ್ದಾರೆ. ಆ ಜಗಳದ ಬೇರು ಎಲ್ಲಿದೆ ಅನ್ನುವುದು ಕನ್ನಡದ ಕಡೆಯಿಂದ ನೋಡಿದರೆ ಬೇಗ ಕಾಣುತ್ತದೆ ಅನ್ನುವುದು ನನ್ನ ನಂಬಿಕೆ.

ಕನ್ನಡದಲ್ಲಿ ಕ್ರಿಯಾಪದವನ್ನು ನಾಮಪದ ಮಾಡುವ ದಾರಿ ಒಂದಲ್ಲ. ‘ಓಡು’ ಧಾತುವಿಗೆ ‘ಓಡುವುದು’ ಇದೆ, ‘ಓಟ’ವೂ ಇದೆ. ‘ನೋಡು’ಗೆ ‘ನೋಡುವುದು’, ‘ನೋಟ’. ‘ಉಣ್ಣು’ಗೆ ‘ಉಣ್ಣುವುದು’, ‘ಊಟ’. ಹೈಸ್ಕೂಲಿನಲ್ಲಿ ಕೃದಂತ ಭಾವನಾಮ ಅಂತ ಬಾಯಿಪಾಠ ಮಾಡಿಸಿದ್ದು ಈ ಓಟ, ನೋಟ, ಊಟಗಳನ್ನು. ಎರಡೂ ನಾಮಪದದ ಜಾಗದಲ್ಲೇ ಕೂತರೂ ಹಿಂದೆ ಮುಂದೆ ಬರುವ ಶಬ್ದಗಳ ಜೊತೆ ನಡೆದುಕೊಳ್ಳುವ ರೀತಿ ಬೇರೆ. ‘ಅವನು ಜೋರಾಗಿ ಓಡುವುದು’ ಅನ್ನುತ್ತೇವೆ. ಕರ್ತೃ ‘ಅವನು’, ಜೊತೆಗೆ ‘ಜೋರಾಗಿ’ ಅನ್ನುವ ಕ್ರಿಯಾವಿಶೇಷಣ. ಅದೇ ‘ಓಟ’ ಬಂತೆಂದರೆ ‘ಅವನ ಜೋರಾದ ಓಟ’. ಷಷ್ಠಿ ಬಂತು, ‘ಜೋರಾಗಿ’ ಹೋಗಿ ‘ಜೋರಾದ’ ಬಂತು. ‘ಅವನು ಓಟ’ ಅಂತ ಎರಡು ವರ್ಷದ ಕೂಸೂ ಅನ್ನುವುದಿಲ್ಲ. ‘ಓಡುವುದು’ ಮೇಲೆ ನಾಮಪದದ ಅಂಗಿ ತೊಟ್ಟರೂ ಒಳಗೆ ಇನ್ನೂ ಕ್ರಿಯಾಪದ. ಅದಕ್ಕೆ ಕರ್ತೃ ಬೇಕು, ‘ನೋಡುವುದು’ ಆದರೆ ಕರ್ಮವೂ ಬೇಕು, ಭೂತಕಾಲ ಬೇಕಾದರೆ ‘ಓಡಿದ್ದು’ ಆಗುತ್ತದೆ. ‘ಓಟ’ಕ್ಕೆ ಭೂತಕಾಲ ಎಲ್ಲಿಂದ ತರುತ್ತೀರಿ?

ಇಂಗ್ಲಿಷಿನಲ್ಲಿ ಈ ಎರಡೂ ಕೆಲಸಕ್ಕೆ ಇರುವುದು ಒಂದೇ ‘ಇಂಗ್’. ‘ರನ್ನಿಂಗ್’ ಅನ್ನುವುದು ಓಟವೂ ಹೌದು, ಓಡುವುದೂ ಹೌದು. ಇಂಗ್ಲಿಷರ ಕಿವಿಗೆ ಬೇರೆ ಸುಳಿವು ಬೇಕು, ಆ ಸುಳಿವು ಸಿಗುವುದು ಅಕ್ಕಪಕ್ಕದ ಶಬ್ದಗಳಲ್ಲಿ. ಮೀಟಿಂಗ್ ನಡೆಸುವ ಮಾತನ್ನೇ ತೆಗೆದುಕೊಳ್ಳಿ. ‘ಹಿಸ್ ಕ್ವಿಕ್ ರನ್ನಿಂಗ್ ಆಫ್ ದಿ ಮೀಟಿಂಗ್’ ಅಂದಾಗ ಹಿಂದೆ ಷಷ್ಠಿ, ನಡುವೆ ಗುಣವಾಚಕ, ಮುಂದೆ ‘ಆಫ್’. ಪೂರ್ತಿ ನಾಮಪದ, ನಮ್ಮ ‘ಓಟ’ದ ಜಾತಿ. ‘ಹಿಮ್ ರನ್ನಿಂಗ್ ದಿ ಮೀಟಿಂಗ್ ಕ್ವಿಕ್ಲಿ’ ಅಂದಾಗ ‘ಆಫ್’ ಇಲ್ಲ, ‘ಕ್ವಿಕ್’ ಹೋಗಿ ‘ಕ್ವಿಕ್ಲಿ’ ಆಗಿದೆ. ಇದು ನಮ್ಮ ‘ಓಡುವುದು’. ಈ ಎರಡರ ನಡುವೆ ಮೂರನೆಯದೊಂದು ಇದೆ: ‘ಹಿಸ್ ರನ್ನಿಂಗ್ ದಿ ಮೀಟಿಂಗ್ ಕ್ವಿಕ್ಲಿ’. ಎಡಗಡೆ ನೋಡಿದರೆ ಷಷ್ಠಿ ಕೂತಿದೆ, ಅಂದಮೇಲೆ ನಾಮಪದ. ಬಲಗಡೆ ನೋಡಿದರೆ ನೇರ ಕರ್ಮ, ಕ್ರಿಯಾವಿಶೇಷಣ, ಅಂದಮೇಲೆ ಕ್ರಿಯಾಪದ. ಪರೀಕ್ಷೆ ಕೇಳುವುದು ಈ ಅಡ್ಡಜಾತಿಯದನ್ನೇ. ‘ಹಿಸ್’ ತಪ್ಪದೆ ಬರಲಿ ಅನ್ನುವವರು ಎಡಗಣ್ಣಿಂದ ನೋಡುತ್ತಾರೆ, ‘ಹಿಮ್’ ಇದ್ದರೇನಾಯಿತು ಅನ್ನುವವರು ಬಲಗಣ್ಣಿಂದ.

ಎಡಗಣ್ಣಿನವರಲ್ಲಿ ದೊಡ್ಡ ಹೆಸರು ಎಚ್. ಡಬ್ಲ್ಯು. ಫೌಲರ್. 1906ರಲ್ಲಿ ತಮ್ಮನ ಜೊತೆ ಸೇರಿ ಬರೆದ ಪುಸ್ತಕದಲ್ಲೇ ಆತ ಈ ‘ಹಿಮ್ ಕಮಿಂಗ್’ ಬಗೆಯ ಪ್ರಯೋಗಕ್ಕೆ ‘ಫ್ಯೂಸ್ಡ್ ಪಾರ್ಟಿಸಿಪಲ್’ ಅಂತ ಹೆಸರಿಟ್ಟಿದ್ದ, ಬೆಸುಗೆ ಹಾಕಿದ ಕೃದಂತ ಅಂದ ಹಾಗೆ. 1926ರ ಇಂಗ್ಲಿಷ್ ಬಳಕೆಯ ಕೋಶದಲ್ಲಿ ಅದನ್ನು ಇನ್ನೂ ಖಾರವಾಗಿ ತರಾಟೆಗೆ ತೆಗೆದುಕೊಂಡ. ‘ಹಿಮ್’ ಒಂದೇ ಕರ್ಮವಲ್ಲ, ‘ಕಮಿಂಗ್’ ಒಂದೇ ಕರ್ಮವಲ್ಲ, ಎರಡನ್ನೂ ಕರಗಿಸಿ ಒಂದು ಮುದ್ದೆ ಮಾಡಿದ್ದಾರೆ, ಅದನ್ನು ಬಿಡಿಸಿ ವ್ಯಾಕರಣ ಹೇಳಲು ಬರುವುದಿಲ್ಲ ಅನ್ನುವುದು ಅವನ ಸಿಟ್ಟು. ಅದೇ 1926ರಲ್ಲಿ ಡೆನ್ಮಾರ್ಕಿನ ಭಾಷಾಪಂಡಿತ ಒಟ್ಟೊ ಯೆಸ್ಪರ್ಸನ್ ಅವನಿಗೆ ಉತ್ತರ ಕೊಟ್ಟ. ಇಂಗ್ಲಿಷಿನ ಹೆಸರಾಂತ ಲೇಖಕರ ಬರಹಗಳಿಂದಲೇ ಸಾಲು ಸಾಲು ಉದಾಹರಣೆ ತೆಗೆದಿಟ್ಟು, ಇದು ಅಜ್ಞಾನಿಗಳ ತಪ್ಪಲ್ಲ, ಭಾಷೆ ತಾನಾಗಿ ಹಿಡಿದ ದಾರಿ ಅಂದ. ಇಂಗ್ಲಿಷಿನವನು ಇಂಗ್ಲಿಷಿಗೆ ಕಾನೂನು ಹಾಕುವುದು, ಹೊರಗಿನವನು ಬಂದು ‘ನಿಮ್ಮವರೇ ಹೀಗೆ ಬರೆದಿದ್ದಾರೆ ನೋಡಿ’ ಅನ್ನುವುದು! ಓದುವವನಿಗೆ ಸಣ್ಣ ಖುಷಿ ಕೊಡುವ ಜಗಳ ಇದು. ಒಳ್ಳೆಯ ಇಂಗ್ಲಿಷ್ ಬರೆಯುವವರು ಇವತ್ತು ಎರಡನ್ನೂ ಬಳಸುತ್ತಾರೆ. ‘ಹಿಸ್’ಗೆ ಸ್ವಲ್ಪ ಇಸ್ತ್ರಿ ಹಾಕಿದ ಗತ್ತು, ‘ಹಿಮ್’ಗೆ ಮನೆಮಾತಿನ ಸಲಿಗೆ.

ಫೌಲರ್‌ನ ಮಾತು ಪೂರ್ತಿ ನಡೆಯುವುದಿಲ್ಲ ಅನ್ನುವುದಕ್ಕೆ ಗದಗಿನ ಹುಡುಗರೇ ಸಾಕು. ‘ಗದಗಿನಿಂದ ಬಂದ ಹುಡುಗರು ಮ್ಯಾಚ್ ಗೆದ್ದದ್ದು ನಮಗೆ ಖುಷಿ ಕೊಟ್ಟಿತು’ ಅನ್ನುವುದನ್ನು ಇಂಗ್ಲಿಷಿಗೆ ತನ್ನಿ ಅಂತ ಹೇಳಿದರೆ ಸೂತ್ರ ಕಲಿತ ಹುಡುಗ ‘ದಿ ಬಾಯ್ಸ್ ಫ್ರಮ್ ಗದಗ್ಸ್ ವಿನ್ನಿಂಗ್ ದಿ ಮ್ಯಾಚ್’ ಅಂತ ಬರೆಯುತ್ತಾನೆ. ಷಷ್ಠಿಯ ಪ್ರತ್ಯಯ ಹುಡುಗರಿಗೆ ಹತ್ತುವ ಬದಲು ಊರಿಗೆ ಹತ್ತಿತು, ಗದಗವೇ ಮ್ಯಾಚ್ ಗೆದ್ದ ಹಾಗೆ. ಇಂಗ್ಲಿಷಿನ ಈ ಪ್ರತ್ಯಯಕ್ಕೆ ಅದು ಹೊಸ ಚಟವಲ್ಲ. ಪದಪುಂಜ ಎಷ್ಟೇ ಉದ್ದ ಇರಲಿ, ಅದು ಹೋಗಿ ತುದಿಯ ಶಬ್ದಕ್ಕೇ ಅಂಟುತ್ತದೆ. ‘ದಿ ಕಿಂಗ್ ಆಫ್ ಇಂಗ್ಲೆಂಡ್ಸ್ ಡಾಟರ್’ ಅಂದರೆ ಇಂಗ್ಲೆಂಡಿನ ಮಗಳಲ್ಲ, ರಾಜನ ಮಗಳು. ಮುಂದೆ ಬರುವುದು ಬರೀ ನಾಮಪದವಾದರೆ ಕಿವಿ ಸಹಿಸುತ್ತದೆ. ‘ಇಂಗ್’ ಹಚ್ಚಿದ ಕ್ರಿಯಾಪದ ಬಂದು ಅದರ ಮುಂದೆ ಇನ್ನೊಂದು ಕರ್ಮವೂ ಬಂದರೆ ಉಸಿರುಗಟ್ಟುತ್ತದೆ. ಆಗ ಯಾರೂ ಷಷ್ಠಿ ಹಾಕುವುದಿಲ್ಲ. ‘ದ್ಯಾಟ್’ ಬಂದರೂ ಅಷ್ಟೇ. ‘ಹಾಗಾಗುವ ಸಂಭವ ಇಲ್ಲ’ ಅನ್ನಲು ‘ನೋ ಚಾನ್ಸ್ ಆಫ್ ದ್ಯಾಟ್ ಹ್ಯಾಪನಿಂಗ್’ ಅನ್ನಬೇಕು, ‘ದ್ಯಾಟ್ಸ್ ಹ್ಯಾಪನಿಂಗ್’ ಅಂದರೆ ಬೇರೆಯೇ ಅರ್ಥ. ನಿರ್ಜೀವ ವಸ್ತುಗಳಿಗೆ ರೆನ್ ಅಂಡ್ ಮಾರ್ಟಿನ್ನೂ ವಿನಾಯಿತಿ ಕೊಟ್ಟಿದೆ. ರೈಲು ತಡವಾಗುವ ಮಾತಿಗೆ ‘ದಿ ಟ್ರೇನ್ ಬೀಯಿಂಗ್ ಲೇಟ್’ ಅಂದರೆ ಸಾಕು, ರೈಲಿಗೆ ಷಷ್ಠಿ ಹಚ್ಚುವ ಕೆಲಸವಿಲ್ಲ.

ಹಾಗಂತ ‘ಹಿಸ್’ ಬರೀ ಪಂಡಿತರ ಸೊಕ್ಕು ಅನ್ನಲಾಗದು. ಇದು ಹೊಳೆದದ್ದು ಪುಸ್ತಕದಿಂದಲ್ಲ, ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ. ಪಕ್ಕದ ಸೀಟಿನ ಹುಡುಗ ಫೋನಿನಲ್ಲಿ ಅಂದ: “ನಂದು ಓದೂದು ಇನ್ನಾ ಮುಗದಿಲ್ಲಪಾ. ಮುಗದ್ ಮ್ಯಾಲೆ ಬರ್ತೇನಿ.” ನಂದು ಓದೂದು! ಈಗಷ್ಟೇ ಹೇಳಿದೆನಲ್ಲ, ‘ಓದುವುದು’ ಪಕ್ಕ ಬರುವುದು ‘ನಾನು’, ‘ನನ್ನ’ ಅಲ್ಲ ಅಂತ. ಇಲ್ಲಿ ನೋಡಿದರೆ ಷಷ್ಠಿಯಿಂದ ಹುಟ್ಟಿದ ‘ನಂದು’ ಬಂದು ಆರಾಮಾಗಿ ಕೂತಿದೆ. ಕಿವಿ ಆ ಕಡೆ ಇಟ್ಟಮೇಲೆ ಎಲ್ಲೆಲ್ಲೂ ಅದೇ ಕೇಳತೊಡಗಿತು. ‘ನಿಂದು ಬರಿಯೂದು ಆತೇನು?’ ‘ಅವಂದು ಮಾತಾಡೂದು ಮುಗಿಯೂದ ಇಲ್ಲ.’ ‘ನಿಂದು ಹಾಡೂದು ಚಲೋ ಐತಿ.’ ಧಾರವಾಡದಲ್ಲಿ ಇವು ದಿನದ ಮಾತು. ಮರಾಠಿಯಲ್ಲೂ ‘ಮಾಝಂ ವಾಚೂನ್ ಝಾಲಂ’ ಅನ್ನುತ್ತಾರೆ, ನನ್ನದು ಓದಿ ಆಯಿತು ಅಂತ. ನಮ್ಮ ಸೀಮೆಗೆ ಮರಾಠಿ ಪರಕೀಯವೇನಲ್ಲ.

ಆದರೆ ಈ ‘ನಂದು’, ‘ನಿಂದು’ ಎಲ್ಲ ಕಡೆ ಬರುವುದಿಲ್ಲ. ಮನೆಗೆ ಬಂದ ನೆಂಟರಿಗೆ ‘ನೀವು ಬಂದದ್ದು ಭಾಳ ಚಲೋ ಆತ್ ನೋಡ್ರಿ’ ಅನ್ನುತ್ತೇವೆ. ‘ನಿಮ್ದು ಬಂದದ್ದು ಚಲೋ ಆತು’ ಅಂತ ಯಾರೂ ಅನ್ನುವುದಿಲ್ಲ. ವ್ಯತ್ಯಾಸ ಇಷ್ಟೇ. ಬಂದರು ಅನ್ನುವ ಸಂಗತಿ ಚಲೋ ಆಯಿತು ಅನ್ನುವಾಗ ಒಳಗೆ ಒಂದು ಪೂರ್ತಿ ವಾಕ್ಯವೇ ಇದೆ, ‘ನೀವು ಬಂದಿರಿ’ ಅಂತ. ಆ ವಾಕ್ಯದ ಕರ್ತೃ ಹಾಗೇ ಉಳಿಯುತ್ತದೆ. ಓದೂದು ಮುಗಿಯಲಿಲ್ಲ, ಹಾಡೂದು ಚಲೋ ಐತಿ ಅನ್ನುವಾಗ ಸಂಗತಿಯ ಮಾತಲ್ಲ. ಮಾಡುವ ಕೆಲಸದ, ಅದರ ರೀತಿಯ ಮಾತು. ಆ ಕೆಲಸ ಯಾರದ್ದು? ನಂದು, ನಿಂದು. ‘ನೀ ಹಾಡಿದ್ದು ಚಲೋ ಆತು’ ಅಂದರೆ ಕಾರ್ಯಕ್ರಮದಲ್ಲಿ ನೀನೂ ಒಂದು ಹಾಡು ಹೇಳಿದೆಯಲ್ಲ, ಒಳ್ಳೆಯದಾಯಿತು ಅಂತ. ರಾಗ ತಪ್ಪಿದ್ದರೂ ಹೇಳಬಹುದು. ‘ನಿಂದು ಹಾಡೂದು ಚಲೋ ಐತಿ’ ಅನ್ನಬೇಕಾದರೆ ಕಂಠ ಇರಬೇಕು.

ಇಂಗ್ಲಿಷಿನಲ್ಲೂ ಇದೇ ಗೆರೆ ಇದೆ. ಕಂಠದ ಮಾತಾದರೆ ‘ಹಿಸ್ ಸಿಂಗಿಂಗ್ ಈಸ್ ಲವ್ಲಿ’. ಅಲ್ಲಿ ‘ಹಿಮ್ ಸಿಂಗಿಂಗ್ ಈಸ್ ಲವ್ಲಿ’ ಅಂದರೆ ಫೌಲರ್ ಬಿಡಿ, ಅವನ ವಿರೋಧಿಗಳೂ ಮುಖ ಕಿವುಚುತ್ತಾರೆ. ‘ಹಿಸ್ ಡ್ರೈವಿಂಗ್’ ಅಂದರೆ ಅವನ ಗಾಡಿ ಓಡಿಸುವ ಶೈಲಿ. ‘ಹಿಮ್ ಡ್ರೈವಿಂಗ್’ ಅಂದರೆ ಅವನು ಓಡಿಸುವುದು ಅನ್ನುವ ಸಂಗತಿ. ‘ಐ ಡೋಂಟ್ ಲೈಕ್ ಹಿಮ್ ಡ್ರೈವಿಂಗ್’ ಅನ್ನುವ ಹೆಂಡತಿಗೆ ಗಂಡನ ಕೈಚಳಕದ ಬಗ್ಗೆ ತಕರಾರು ಇರಬೇಕಿಲ್ಲ, ಅವನಿಗೆ ಬಿಪಿ ಇದೆ ಅಂತ ಚಿಂತೆ ಇರಬಹುದು. ‘ಹಿಸ್ ಡ್ರೈವಿಂಗ್’ ಅಂದಳೋ, ಅವನ ಕೈ ಮೇಲೆ ನಂಬಿಕೆ ಇಲ್ಲ ಅಂತಲೇ ಮೊದಲು ಕೇಳಿಸುತ್ತದೆ.

ಈ ಗೆರೆಯ ಹತ್ತಿರ ಇಂಗ್ಲಿಷಿಗೂ ಬಹಳ ಮುಂಚೆ ಬಂದವನು ಪಾಣಿನಿ. ‘ಕರ್ತೃಕರ್ಮಣೋಃ ಕೃತಿ’ ಅನ್ನುವುದು ಅಷ್ಟಾಧ್ಯಾಯಿಯ ಸೂತ್ರ, ಎರಡನೇ ಅಧ್ಯಾಯದ ಮೂರನೇ ಪಾದದಲ್ಲಿದೆ. ಧಾತುವಿಗೆ ಕೃತ್ ಅನ್ನುವ ಪ್ರತ್ಯಯ ಹತ್ತಿ ಶಬ್ದ ಆದಮೇಲೆ ಅದರ ಕರ್ತೃವಿಗೂ ಕರ್ಮಕ್ಕೂ ಷಷ್ಠಿ ಬರುತ್ತದೆ ಅಂತ. ‘ಕೃಷ್ಣಸ್ಯ ಕೃತಿಃ’, ಕೃಷ್ಣನ ಕೃತಿ. ‘ಓದನಸ್ಯ ಪಾಕಃ’, ಅನ್ನದ ಅಡುಗೆ. ಅಷ್ಟಕ್ಕೇ ಬಿಟ್ಟಿದ್ದರೆ ಅದೂ ರೆನ್ ಅಂಡ್ ಮಾರ್ಟಿನ್ ಸೂತ್ರದ ಹಾಗೇ ಆಗುತ್ತಿತ್ತು. ನಾಲ್ಕು ಸೂತ್ರ ದಾಟಿದರೆ ಅವನೇ ನಿಷೇಧ ಹಾಕುತ್ತಾನೆ: ಇಂತಿಂಥ ಕೃದಂತಗಳ ಜೊತೆ ಷಷ್ಠಿ ಬೇಡ. ಆ ಪಟ್ಟಿಯಲ್ಲಿ ಮುಖ್ಯವಾಗಿ ಇರುವುದು ಕ್ರಿಯಾಪದದ ಗುಣ ಬಿಡದ ರೂಪಗಳೇ. ‘ಓದನಂ ಪಚನ್’, ಅನ್ನವನ್ನು ಬೇಯಿಸುತ್ತ. ಇಲ್ಲಿ ದ್ವಿತೀಯೆ ಹಾಗೇ ಉಳಿಯಿತು. ಫೌಲರ್ ಈ ಎರಡನೇ ಸೂತ್ರ ಓದಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಇದು ನನ್ನ ತಮಾಷೆ, ಪರೀಕ್ಷೆಗೆ ಬರುವುದಿಲ್ಲ.

ಪರೀಕ್ಷೆಗೆ ಬರುವುದು ಇನ್ನೊಂದು ಇದೆ. ಈ ಪುಂಜದ ನಂತರ ಬರುವ ಮುಖ್ಯ ಕ್ರಿಯಾಪದ ಏಕವಚನವೋ ಬಹುವಚನವೋ ಅನ್ನುವುದು. ‘ದಿ ಬಾಯ್ಸ್ ಕಮಿಂಗ್ ಲೇಟ್’ ಆದಮೇಲೆ ‘ಅನಾಯ್ಸ್’ ಬರಬೇಕೋ ‘ಅನಾಯ್’ ಬರಬೇಕೋ? ಹುಡುಗರು ಬಹಳ ಮಂದಿ, ಆದ್ದರಿಂದ ‘ಅನಾಯ್’ ಅಂತ ಅರ್ಧ ಕ್ಲಾಸು ಬರೆಯುತ್ತದೆ. ಇದಕ್ಕೆ ನಾನು ಸೂತ್ರ ಕೊಡುವುದನ್ನೇ ಬಿಟ್ಟಿದ್ದೇನೆ. ಅದನ್ನೇ ಧಾರವಾಡ ಕನ್ನಡದಲ್ಲಿ ಹೇಳಿ ಅನ್ನುತ್ತೇನೆ. ‘ಹುಡುಗ್ರು ತಡಾ ಮಾಡಿ ಬರೂದು ಸಿಟ್ಟು ತರಸ್ತೈತಿ’. ‘ತರಸ್ತಾರ’ ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಸಿಟ್ಟು ತರಿಸಿದ್ದು ಹುಡುಗರಲ್ಲ, ಬರೂದು. ಬರೂದು ಒಂದೇ, ನಪುಂಸಕ, ಏಕವಚನ. ಹತ್ತು ಮಂದಿ ಬಂದರೂ ಸೊಲ್ಲಾಪುರದ ಇಡೀ ಜಾತ್ರೆ ಬಂದರೂ ‘ಐತಿ’ಯೇ. ಇಂಗ್ಲಿಷಿನಲ್ಲೂ ಹಾಗೇ, ‘ಅನಾಯ್ಸ್’. ಭೂತಕಾಲ ಹಾಕಿ ‘ಅನಾಯ್ಡ್’ ಮಾಡಿದರೆ ಗುಟ್ಟು ಮುಚ್ಚಿಹೋಗುತ್ತದೆ, ಹಾಗಾಗಿ ಪ್ರಶ್ನೆ ಬರುವುದು ವರ್ತಮಾನಕಾಲದಲ್ಲೇ.

ಕೇಳಿಸುವಾಗ ಆಗುವ ಗೊಂದಲ ಬೇರೆ ಬಗೆಯದು. ‘ರವೀಸ್ ಕಮಿಂಗ್’ ಅಂತ ಯಾರೋ ಶುರು ಮಾಡಿದರು ಅಂದುಕೊಳ್ಳಿ. ರವಿ ಬರುತ್ತಿದ್ದಾನೆ ಅಂತಲೋ, ರವಿಯ ಬರವು ಅಂತಲೋ? ‘ಟುಮಾರೊ’ ಅಂದರೆ ಮೊದಲನೆಯದು, ‘ಸರ್‌ಪ್ರೈಸ್ಡ್ ಅಸ್’ ಅಂದರೆ ಎರಡನೆಯದು. ಕಾಗದದ ಮೇಲೂ ಎರಡಕ್ಕೂ ಅದೇ ಅಪಾಸ್ಟ್ರಫಿ, ಅದೇ ಎಸ್. ‘ರವೀಸ್ ಗಾನ್’ ಅಂದರೆ ಅದೇ ಎಸ್ ‘ಹ್ಯಾಸ್’ ಆಗುತ್ತದೆ. ಒಂದು ಅಕ್ಷರಕ್ಕೆ ಮೂರು ಕೆಲಸ ಕೊಟ್ಟು, ಮುಂದಿನ ಕ್ರಿಯಾಪದ ಬರುವ ತನಕ ಕಾಯಿರಿ ಅನ್ನುವ ಭಾಷೆ ಅದು. ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳಲ್ಲಿ ನಮ್ಮ ಹುಡುಗರು ಮುಗ್ಗರಿಸುವ ಜಾಗಗಳಲ್ಲಿ ಇದೂ ಒಂದು. ಮೊದಲು ಕಂಡ ಅರ್ಥವನ್ನು ಹಿಡಿದು ಕೂರುತ್ತಾರೆ, ವಾಕ್ಯದ ತುದಿಯಲ್ಲಿ ಇನ್ನೊಂದು ಕ್ರಿಯಾಪದ ಸಿಕ್ಕಾಗ ಅದೇ ತಪ್ಪು ಅಂತ ಗುರುತು ಹಾಕುತ್ತಾರೆ.

ಸೂತ್ರ ಕಲಿತ ಮೇಲೆ ಬರುವ ರೋಗವೂ ಒಂದಿದೆ. ‘ಐ ಸಾ ಹಿಮ್ ಕ್ರಾಸಿಂಗ್ ದಿ ರೋಡ್’ ಅನ್ನುವುದನ್ನೂ ತಿದ್ದಿ ‘ಹಿಸ್’ ಮಾಡಿಬಿಡುತ್ತಾರೆ. ಅಲ್ಲಿ ‘ಹಿಮ್’ ಸರಿ. ನಾನು ಅವರಿಗೆ ಕೇಳುವುದು ಒಂದೇ ಪ್ರಶ್ನೆ: ಯಾರನ್ನ ನೋಡಿದಿ, ಏನನ್ನ ನೋಡಿದಿ? ಅವನನ್ನ ನೋಡಿದೆ, ಅವನು ದಾಟುತ್ತಿದ್ದ. ಅಲ್ಲಿಗೆ ‘ಹಿಮ್’ ಸ್ವಂತ ಕಾಲ ಮೇಲೆ ನಿಂತಿತು. ‘ಐ ಡೋಂಟ್ ಲೈಕ್’ ವಾಕ್ಯದಲ್ಲಿ ಸೇರದೆ ಇರುವುದು ಅವನಲ್ಲ, ಅವನು ತಡಮಾಡಿ ಬರುವುದು. ಪರೀಕ್ಷೆಯಲ್ಲಿ ‘ಏನನ್ನ’ ಅನ್ನುವ ಉತ್ತರ ಬಂದರೆ ‘ಹಿಸ್’ಗೆ ಗುರುತು ಹಾಕಿ, ಮನೆಯಲ್ಲಿ ಹೇಗೆ ಬೇಕಾದರೂ ಮಾತಾಡಿ ಅನ್ನುತ್ತೇನೆ.

‘ಹೀ ಕಮಿಂಗ್’ ಯಾಕಾಗುವುದಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕ್ಲಾಸಿನವರಿಗೆ ಇನ್ನೊಂದು ಪದಪುಂಜ ಕೊಟ್ಟೆ: ‘ವಿದೌಟ್ ಮೈ ನೋಯಿಂಗ್’. ಇದನ್ನು ಕನ್ನಡಕ್ಕೆ ತನ್ನಿ. ‘ನನಗ ಗೊತ್ತಾಗದಂಗ’ ಅಂದರು ಒಟ್ಟಿಗೆ. ‘ನಾನು’ ಇಲ್ಲ, ‘ನನ್ನ’ ಇಲ್ಲ, ‘ನನಗ’ ಬಂತು, ಚತುರ್ಥಿ. ಯಾಕೆ ಅಂದರೆ ಬಿಡಿ ವಾಕ್ಯದಲ್ಲೂ ನಾವು ‘ನನಗ ಗೊತ್ತೈತಿ’ ಅನ್ನುವವರೇ. ಕನ್ನಡದಲ್ಲಿ ವಾಕ್ಯವನ್ನು ಮಡಚಿ ಇನ್ನೊಂದರ ಒಳಗೆ ಇಟ್ಟಾಗ ಅದರೊಳಗಿನ ವಿಭಕ್ತಿ ಬದಲಾಗುವುದಿಲ್ಲ. ‘ಅವ ಬಂದ’ ಇದ್ದದ್ದು ‘ಅವ ಬಂದದ್ದು’, ‘ನನಗ ಗೊತ್ತಾತು’ ಇದ್ದದ್ದು ‘ನನಗ ಗೊತ್ತಾದದ್ದು’. ಇಂಗ್ಲಿಷಿನಲ್ಲಿ ‘ಹೀ’ಗೆ ಕಾಲ ಸೂಚಿಸುವ ಕ್ರಿಯಾಪದ ಜೊತೆಗೆ ಬೇಕು, ಈಸ್, ಕೇಮ್, ಕಮ್ಸ್, ಏನಾದರೊಂದು. ‘ಕಮಿಂಗ್’ನಲ್ಲಿ ಕಾಲ ಇಲ್ಲ, ಅದರ ಪಕ್ಕ ‘ಹೀ’ ನಿಲ್ಲಲಾರ. ‘ಹೀ ಬೀಯಿಂಗ್ ಅಬ್ಸೆಂಟ್’ ಅಂತ ಶುರುವಾಗುವ ಹಳೇ ಆಫೀಸು ಕಾಗದದ ಧಾಟಿಯೊಂದನ್ನು ಬಿಟ್ಟರೆ ಅವನಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಒಂದೋ ‘ಹಿಸ್’ ಆಗಿ ನಾಮಪದದ ಕಡೆ ವಾಲಬೇಕು, ಇಲ್ಲ ‘ಹಿಮ್’ ಆಗಿ ಕ್ರಿಯಾಪದದ ಕಡೆ. ಆ ಹುಡುಗಿ ಇದನ್ನು ಬರೆದುಕೊಂಡು, “ಹಂಗಾರ ನಮ್ದ ಸಸಾರ ಐತಲ್ರೀ ಸರ್ರ” ಅಂದಳು. ‘ನಮ್ದು’ ಯಾವ ವಿಭಕ್ತಿಯಿಂದ ಬಂತು ಹೇಳವಾ ಅಂತ ಕೇಳಿ ಮುಂದಿನ ಪ್ರಶ್ನೆಗೆ ಹೋದೆ.